ಪಂಪು ನಿಲ್ಲಿಸಬಾರದಿತ್ತು

ಪ್ರೋಟಾನಿಗೆ ಸಾವಿದೆಯಾ? ಕೇಳಲು ಸಣ್ಣ ಪ್ರಶ್ನೆ. ಆದರೆ ಕಲ್ಲು, ನೀರು, ನಕ್ಷತ್ರ, ನಮ್ಮ ಮೈಮೂಳೆ ಎಲ್ಲದರೊಳಗೂ ಪ್ರೋಟಾನ್ ಇದೆ. ಅದು ಎಂದಾದರೂ ತಾನಾಗೇ ಒಡೆಯುತ್ತದೆ ಅಂತಾದರೆ, ಮುಟ್ಟಿ ನೋಡಬಹುದಾದ ಯಾವ ವಸ್ತುವೂ ಕೊನೆತನಕ ಉಳಿಯುವುದಿಲ್ಲ. ಒಡೆಯುವುದಿಲ್ಲ ಅಂತಾದರೆ, ನಕ್ಷತ್ರಗಳೆಲ್ಲ ಆರಿಹೋದ ಮೇಲೂ ಅವುಗಳ ಬೂದಿ ಉಳಿದೇ ಇರುತ್ತದೆ. ಮುಂದಿನ ಕಾಲದ ಬಗ್ಗೆ ಮನುಷ್ಯ ಕೇಳಿರುವ ಪ್ರಶ್ನೆಗಳಲ್ಲಿ ಇದಕ್ಕಿಂತ ದೂರ ಹೋಗುವುದು ನನಗೆ ಗೊತ್ತಿಲ್ಲ. ಇದಕ್ಕೆ ಉತ್ತರ ಹುಡುಕಲೆಂದೇ ಕಟ್ಟಿದ ದೊಡ್ಡ ಪ್ರಯೋಗಗಳಲ್ಲಿ ಮೊದಲನೆಯದು ಶುರುವಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. 1980ರಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ.

ಈಚೆಗೆ ಎಲ್ಲಿ ನೋಡಿದರೂ ವೇಗದ ಮಾತು. ನೂರು ವರ್ಷದ ವಿಜ್ಞಾನವನ್ನು ಕೃತಕ ಬುದ್ಧಿಮತ್ತೆ ಹತ್ತೇ ವರ್ಷದಲ್ಲಿ ಮಾಡಿ ಮುಗಿಸುತ್ತದೆ ಅನ್ನುವವರಿದ್ದಾರೆ. ಅದನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಪ್ರೋಟೀನುಗಳ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ 2020ರಲ್ಲಿ ಮಾಡಿ ತೋರಿಸಿದ್ದು ನಿಜಕ್ಕೂ ದೊಡ್ಡದು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದಕ್ಕೆ ಪಾಲು ಸಿಕ್ಕಿದ್ದೂ ಸರಿಯೇ. ಆದರೆ ಅದು ಕಲಿತದ್ದು ಎಲ್ಲಿಂದ? 1971ರಿಂದ ನಡೆದುಬಂದ ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. ಅಲ್ಲಿರುವ ಬಹುಪಾಲು ಆಕಾರಗಳ ಹಿಂದೆ ಯಾರೋ ಒಬ್ಬರು ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಪಟ್ಟ ಪಾಡಿದೆ. ಐವತ್ತು ವರ್ಷ ಯಾರೂ ಆ ಖಜಾನೆಯ ಬಾಗಿಲು ಮುಚ್ಚಲಿಲ್ಲ. ಆ ನಿಧಾನವೇ ಈ ವೇಗದ ತಳಪಾಯ.

ಕೋಲಾರದ ಕತೆ ನನ್ನನ್ನು ಬಿಡದೆ ಕಾಡುವುದು ಇದಕ್ಕೇ. ಅಲ್ಲಿ ನಾವು ಬಾಗಿಲು ಮುಚ್ಚಿದೆವು.

ಮೊದಲಿನಿಂದ ಹೇಳುತ್ತೇನೆ. ಬಾಹ್ಯಾಕಾಶದಿಂದ ವಿಶ್ವಕಿರಣಗಳು ಸದಾ ಸುರಿಯುತ್ತಿರುತ್ತವೆ. ಅವು ಗಾಳಿಗೆ ಬಡಿದಾಗ ಮ್ಯುಯಾನ್ ಅನ್ನುವ ಕಣಗಳು ಹುಟ್ಟಿ ಕೆಳಗಿಳಿಯುತ್ತವೆ. ನೀವು ಅಂಗೈ ಚಾಚಿದರೆ ಸೆಕೆಂಡಿಗೆ ಒಂದರಂತೆ ಅದರ ಮೂಲಕ ದಾಟಿಹೋಗುತ್ತವೆ. ಮನೆಯ ತಾರಸಿ ಅವನ್ನು ತಡೆಯುವುದಿಲ್ಲ. ತಡೆಯಲು ಬೆಟ್ಟವೇ ಬೇಕು. ಭೂಮಿಯ ಒಳಗೆ ಇವು ಎಷ್ಟು ಆಳದವರೆಗೆ ಬರುತ್ತವೆ ಅಂತ ಅಳೆಯಲು 1950ರ ದಶಕದ ಆರಂಭದಲ್ಲಿ ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟಿನಿಂದ ಒಬ್ಬ ತರುಣ ಕೋಲಾರಕ್ಕೆ ಬಂದರು. ನಂಜನಗೂಡಿನವರು, ಬಿ.ವಿ. ಶ್ರೀಕಂಠನ್. ಕಳಿಸಿದವರು ಹೋಮಿ ಭಾಭಾ. ಶ್ರೀಕಂಠನ್ ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. 2019ರಲ್ಲಿ ತೀರಿಕೊಂಡರು. ನಮ್ಮ ಶಾಲೆಯ ಪಾಠಗಳಲ್ಲಿ ಅವರ ಹೆಸರು ನಾನು ಕೇಳಿರಲೇ ಇಲ್ಲ.

ಗಣಿಯಲ್ಲಿ ಒಂದೊಂದೇ ಲೆವೆಲ್ ಇಳಿಯುತ್ತ ಹೋದಂತೆ ಎಣಿಕೆ ಕಮ್ಮಿಯಾಗುತ್ತ ಹೋಯಿತು. 1960ರ ದಶಕದ ಆರಂಭದಲ್ಲಿ ಇನ್ನೂ ಆಳಕ್ಕೆ ಹೋಗಿ ಕೂತ ತಂಡಕ್ಕೆ ವಾರಗಟ್ಟಲೆ ಕಾದರೂ ಒಂದೇ ಒಂದು ಕಣ ಸಿಗಲಿಲ್ಲ. ಬರೀ ಸೊನ್ನೆ. ಬೇರೆಯವರಾಗಿದ್ದರೆ ಉಪಕರಣ ಕಟ್ಟಿಕೊಂಡು ಮೇಲೆ ಬರುತ್ತಿದ್ದರೇನೋ. ಇವರು ಆ ಸೊನ್ನೆಯಲ್ಲಿ ಒಂದು ಅವಕಾಶ ಕಂಡರು. ಮೇಲಿನ ಗದ್ದಲ ಇಷ್ಟು ಪೂರ್ತಿಯಾಗಿ ಅಡಗಿರುವ ಜಾಗದಲ್ಲಿ ತೀರಾ ಅಪರೂಪದ್ದನ್ನು ಹುಡುಕಬಹುದು. ನ್ಯೂಟ್ರಿನೊ ಅಂಥದ್ದು.

ನ್ಯೂಟ್ರಿನೊ ಇರಬೇಕು ಎಂದು ವುಲ್ಫ್‌ಗ್ಯಾಂಗ್ ಪೌಲಿ ಹೇಳಿದ್ದು 1930ರಲ್ಲಿ. ಅದು ನಿಜಕ್ಕೂ ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಒಂದು ರಿಯಾಕ್ಟರಿನ ಪಕ್ಕದಲ್ಲಿ. ಇಡೀ ಭೂಮಿಯನ್ನು ತೂರಿಕೊಂಡು ಹೋದರೂ ಯಾವುದಕ್ಕೂ ತಾಗದ ಕಣ ಅದು. ವಿಶ್ವಕಿರಣಗಳಿಂದಲೂ ಅದು ಹುಟ್ಟುತ್ತದೆ ಎಂದು ಲೆಕ್ಕ ಹೇಳುತ್ತಿತ್ತು, ಕಂಡವರು ಇರಲಿಲ್ಲ. ಕೋಲಾರದಲ್ಲಿ ಅದಕ್ಕೆ ಹೂಡಿದ ಉಪಾಯ ನನಗೆ ಬಹಳ ಇಷ್ಟ. ಈ ಪ್ರಯೋಗ ನಡೆದ ಆಳಕ್ಕೆ ಅಪರೂಪಕ್ಕೊಂದು ಮ್ಯುಯಾನ್ ಬರುತ್ತದೆ, ಒಂದು ಚದರ ಮೀಟರಿಗೆ ವಾರಕ್ಕೆ ಒಂದರ ಆಸುಪಾಸು. ಆದರೆ ಅದು ಬರುವುದು ಮೇಲಿನಿಂದ. ಅಡ್ಡವಾಗಿ ಬರಬೇಕಾದರೆ ಹತ್ತಾರು ಕಿಲೋಮೀಟರ್ ಬಂಡೆ ದಾಟಬೇಕು, ಅದು ಮ್ಯುಯಾನಿನಿಂದ ಆಗುವ ಕೆಲಸ ಅಲ್ಲ. ಹಾಗಾಗಿ ಪತ್ತೆಯಂತ್ರಗಳನ್ನು ಗೋಡೆಗಳ ಹಾಗೆ ಎದುರುಬದುರು ನಿಲ್ಲಿಸಿದರು. ಅಡ್ಡವಾಗಿ ಒಂದು ಕಣ ದಾಟಿತು ಅಂದರೆ, ಅದು ಪಕ್ಕದ ಬಂಡೆಯಲ್ಲೇ ಹುಟ್ಟಿರಬೇಕು. ಅಲ್ಲಿ ಅದನ್ನು ಹುಟ್ಟಿಸಿದ್ದು ನ್ಯೂಟ್ರಿನೊ.

1965ರಲ್ಲಿ ಅದು ಸಿಕ್ಕಿತು. ಟಾಟಾ ಇನ್‌ಸ್ಟಿಟ್ಯೂಟಿನ ಜೊತೆ ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಇದ್ದರು. ಭಾರತದ ಕಡೆಯಿಂದ ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಂ ಮುಂತಾದವರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡಕ್ಕೂ ಸಿಕ್ಕಿತು. ಅಚ್ಚಾಗುವುದರಲ್ಲಿ ಕೋಲಾರದ ಪ್ರಬಂಧ ಎರಡು ವಾರ ಮುಂದಿತ್ತು.

ಕೆಜಿಎಫ್‌ಗೆ ನಾನು ಹೋಗುವುದು ಈ ಕತೆಯ ಬೆನ್ನು ಹತ್ತಿ. ಈಗ ಅಲ್ಲಿ ನೋಡಲು ಜಾಸ್ತಿ ಏನಿಲ್ಲ. ಸೈನೈಡ್ ಗುಡ್ಡಗಳು, ಬೀಗ ಹಾಕಿದ ಶಾಫ್ಟುಗಳು, ಸಾಲು ಕಾಲನಿಗಳು. ಬೆಳಗಿನ ರೈಲು ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತದೆ, ರಾತ್ರಿ ವಾಪಸ್ ಬರುತ್ತದೆ. ಚಾಂಪಿಯನ್ ರೀಫ್ಸ್ ಹತ್ತಿರ ಒಂದು ಟೀ ಅಂಗಡಿಯಲ್ಲಿ ಗಣಿಯಲ್ಲಿ ದುಡಿದ ಹಿರಿಯರೊಬ್ಬರು ಸಿಕ್ಕಿದ್ದರು. ವಿಜ್ಞಾನಿಗಳು ಬರ್ತಿದ್ದದ್ದು ನಿಮಗೆ ನೆನಪಿದೆಯಾ ತಾತ, ಅಂದೆ. "ಯಾಕಿಲ್ಲ ಸಾರ್, ನಮ್ ಜೊತೇಲೇ ಕೇಜಲ್ಲಿ ಇಳೀತಿದ್ರು. ಜಪಾನಿನವರೂ ಬರ್ತಿದ್ರು. ಚಿನ್ನ ಮುಟ್ತಾ ಇರ್ಲಿಲ್ಲ ಅವ್ರು. ಬರೀ ಪೈಪು, ವಯರು, ದೀಪ. ಏನ್ ಹುಡುಕ್ತಿದೀರಾ ಅಂದ್ರೆ ನಗ್ತಿದ್ರು" ಅಂದರು. ಆಮೇಲೆ ತಮ್ಮದೇ ಕತೆಗೆ ಹೊರಳಿದರು. ಆಳದ ಬಂಡೆ ಒತ್ತಡಕ್ಕೆ ಸಿಡಿದು ರಾಕ್ ಬರ್ಸ್ಟ್ ಆದಾಗ ಕಾಲನಿಯ ಮನೆಗಳೆಲ್ಲ ನಡುಗುತ್ತಿದ್ದದ್ದು, ಆ ಶಿಫ್ಟಿಗೆ ಇಳಿದವರ ಮನೆಯವರೆಲ್ಲ ಶಾಫ್ಟಿನ ಬಾಯಿಗೆ ಓಡುತ್ತಿದ್ದದ್ದು. ತೀರಾ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ತಣ್ಣಗಿನ ಗಾಳಿ ಕಳಿಸದಿದ್ದರೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ವಿಜ್ಞಾನ ನಡೆದದ್ದು ಆ ಕೂಲಿಕಾರರು ಕೊರೆದ ಸುರಂಗದಲ್ಲಿ, ಅವರೇ ನಡೆಸಿದ ಕೇಜಿನಲ್ಲಿ ಇಳಿದು. ಈ ಲೆಕ್ಕ ಯಾವ ಪ್ರಬಂಧದಲ್ಲೂ ಸರಿಯಾಗಿ ಬಂದಿಲ್ಲ.

ಈಗ ಪ್ರೋಟಾನ್ ವಿಷಯಕ್ಕೆ ಬರೋಣ. 1974ರ ಸುಮಾರಿಗೆ ಜೋಗೇಶ್ ಪತಿ ಮತ್ತು ಅಬ್ದುಸ್ ಸಲಾಂ ಒಂದು ಕಡೆ, ಹೊವಾರ್ಡ್ ಜಾರ್ಜಿ ಮತ್ತು ಶೆಲ್ಡನ್ ಗ್ಲಾಶೊ ಇನ್ನೊಂದು ಕಡೆ, ಪ್ರೋಟಾನ್ ಒಡೆಯಬಹುದು ಅಂತ ಹೇಳುವ ಸಿದ್ಧಾಂತಗಳನ್ನು ಮುಂದಿಟ್ಟರು. ಪ್ರಕೃತಿಯ ಬಲಗಳೆಲ್ಲ ಮೂಲದಲ್ಲಿ ಒಂದೇ ಆಗಿದ್ದರೆ ಹಾಗೆ ಆಗಲೇಬೇಕು ಅನ್ನುವ ತರ್ಕ. ಆಯಸ್ಸು ಎಷ್ಟು? 1ರ ಮುಂದೆ ಸುಮಾರು 30 ಸೊನ್ನೆ ಹಾಕಿದಷ್ಟು ವರ್ಷ. ವಿಶ್ವಕ್ಕೇ ಇನ್ನೂ 1,380 ಕೋಟಿ ವರ್ಷ, ಅಂದರೆ ಹತ್ತು ಸೊನ್ನೆಯ ಲೆಕ್ಕ. ಇಷ್ಟು ಕಾಲ ಕಾಯುವವರು ಯಾರು?

ಕಾಯಬೇಕಾಗಿಲ್ಲ. ಒಂದು ಪ್ರೋಟಾನನ್ನು ಅಷ್ಟು ವರ್ಷ ನೋಡುವ ಬದಲು, ಅಷ್ಟು ಪ್ರೋಟಾನುಗಳನ್ನು ಒಟ್ಟಿಗೆ ಕೂಡಿಹಾಕಿ ಒಂದು ವರ್ಷ ನೋಡಿದರೆ ಸಾಕು. ಆಯಸ್ಸು ಅನ್ನುವುದು ಸರಾಸರಿ. ಕೆಲವು ಬೇಗ ಒಡೆಯುತ್ತವೆ, ಕೆಲವು ತಡವಾಗಿ. ನಮ್ಮ ದೇಹವೇ ಇದಕ್ಕೊಂದು ಸಾಕ್ಷಿ. ಪ್ರೋಟಾನಿನ ಆಯಸ್ಸು 1ರ ಮುಂದೆ ಬರೀ 16 ಸೊನ್ನೆ ಹಾಕಿದಷ್ಟು ವರ್ಷ ಇದ್ದಿದ್ದರೆ, ನಮ್ಮ ಮೈಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಪ್ರೋಟಾನುಗಳು ಒಡೆದು, ಆ ವಿಕಿರಣಕ್ಕೆ ನಾವು ಬದುಕುತ್ತಲೇ ಇರಲಿಲ್ಲ. ನಾವು ಬದುಕಿದ್ದೇವೆ ಅನ್ನುವುದೇ ಒಂದು ಅಳತೆ.

ಕೋಲಾರದಲ್ಲಿ ಕೂಡಿಹಾಕಿದ್ದು 140 ಟನ್, ಬಹುಪಾಲು ಕಬ್ಬಿಣ. ಹತ್ತು ಸೆಂಟಿಮೀಟರ್ ಅಗಲದ ಚೌಕಾಕಾರದ ಕಬ್ಬಿಣದ ಕೊಳವೆಗಳು. ಒಳಗೆ ಅನಿಲ, ನಡುವೆ ಒಂದು ತಂತಿ. ವಿದ್ಯುದಂಶ ಇರುವ ಕಣ ಹಾದುಹೋದರೆ ತಂತಿಯಲ್ಲಿ ಮಿಡಿತ ಹುಟ್ಟುತ್ತದೆ. ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಹೀಗೆ 34 ಪದರ. ಎಲ್ಲವನ್ನೂ ಕೇಜಿನಲ್ಲಿ ಬಿಡಿಬಿಡಿಯಾಗಿ ಇಳಿಸಿ ಕೆಳಗೆ ಜೋಡಿಸಿದ್ದು. ಮೊಟ್ಟಮೊದಲ ಅಂದಾಜು ಸರಿಯಾಗಿದ್ದರೆ ವರ್ಷಕ್ಕೆ ಹತ್ತಾರು ಪ್ರೋಟಾನುಗಳು ಅಲ್ಲಿ ಒಡೆಯಬೇಕಿತ್ತು. ಕೆಲವು ಗುರುತುಗಳು ಅಂಥವೇ ಇರಬಹುದು ಎಂದು ತಂಡ ಪ್ರಕಟಿಸಿತು. ಅಮೆರಿಕದ ಉಪ್ಪಿನ ಗಣಿಯಲ್ಲೂ ಜಪಾನಿನ ಕಾಮಿಯೋಕ ಗಣಿಯಲ್ಲೂ ಎದ್ದ ಇನ್ನೂ ದೊಡ್ಡ ಯಂತ್ರಗಳಿಗೆ ಅವು ಸಿಗಲಿಲ್ಲ. ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ 1996ರಿಂದ 50,000 ಟನ್ ನೀರನ್ನು ನೋಡುತ್ತ ಕೂತಿದೆ. ಪ್ರೋಟಾನ್ ಹೀಗೇ ಒಡೆಯಬೇಕು ಅಂತ ಮೊದಲ ಸಿದ್ಧಾಂತಗಳು ಹೇಳಿದ್ದ ದಾರಿಯಲ್ಲಿ, ಅದರ ಆಯಸ್ಸು 1ರ ಮುಂದೆ 34 ಸೊನ್ನೆಗಿಂತಲೂ ಜಾಸ್ತಿ ಎಂದು ಅದು ಹೇಳಿದೆ.

ಹಾಗಾದರೆ ಇದೆಲ್ಲ ಸುಮ್ನೆ ಕೂತು ಕಾಲ ಕಳೆದದ್ದಾ? ಅಲ್ಲ. ಕಾಮಿಯೋಕ ಗಣಿಯ ಮೊದಲ ಯಂತ್ರ ಕಾಮಿಯೊಕಾಂಡೆ. ಅದನ್ನು ಕಟ್ಟಿದ್ದೇ ಪ್ರೋಟಾನ್ ಒಡೆಯುವುದನ್ನು ನೋಡಲು. ಅದಕ್ಕೆ ಪ್ರೋಟಾನ್ ಸಿಗಲಿಲ್ಲ. ಆದರೆ 1987ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದ ಸುದ್ದಿ ಬಂತು. ಸುಮಾರು 1,68,000 ಜ್ಯೋತಿರ್ವರ್ಷ ದೂರದ್ದು. ಆ ಸಿಡಿತದಿಂದ ನ್ಯೂಟ್ರಿನೊಗಳು ಹೊರಟಾಗ ನಮ್ಮ ಕುಲದವರು ಆಫ್ರಿಕದಲ್ಲಿ ಕಲ್ಲಿನ ಆಯುಧ ಹಿಡಿದು ಓಡಾಡುತ್ತಿದ್ದರು. ಅವು ಇಲ್ಲಿಗೆ ತಲುಪಿದವು, ಸುಮಾರು ಹದಿಮೂರು ಸೆಕೆಂಡಿನಲ್ಲಿ 11 ನ್ಯೂಟ್ರಿನೊಗಳು ಕಾಮಿಯೋಕದ ನೀರಿನಲ್ಲಿ ಬೆಳಕು ಮೂಡಿಸಿದವು, ಅಷ್ಟೇ. ಯಂತ್ರ ಸೌರ ನ್ಯೂಟ್ರಿನೊ ಹಿಡಿಯುವ ಹಾಗೆ ಸುಧಾರಿಸಿ ಮುಗಿದದ್ದು ಸ್ವಲ್ಪವೇ ಮುಂಚೆ. ಅದನ್ನು ಕಟ್ಟಿದ ಮಸತೋಶಿ ಕೊಶಿಬ ಮುಂದಿನ ತಿಂಗಳು ನಿವೃತ್ತರಾಗುವವರಿದ್ದರು. ಸ್ವಿಚ್ ಆ ದಿನ ಆಫ್ ಆಗಿದ್ದಿದ್ದರೆ? ಒಂದೂ ಮುಕ್ಕಾಲು ಲಕ್ಷ ವರ್ಷದ ಹಾದಿ ಸವೆಸಿ ಬಂದದ್ದು ಕಣ್ಣ ಮುಂದೆಯೇ ದಾಟಿ ಹೋಗುತ್ತಿತ್ತು. ಕೊಶಿಬ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಆ ವರ್ಷದ ನೊಬೆಲ್ ಹಂಚಿಕೊಂಡ ಇನ್ನೊಬ್ಬರು ರೇ ಡೇವಿಸ್. ಅವರ ಕೆಲಸ ನಡೆದದ್ದೂ ಒಂದು ಚಿನ್ನದ ಗಣಿಯಲ್ಲೇ. ಅಮೆರಿಕದ ಸೌತ್ ಡಕೋಟದ ಹೋಮ್‌ಸ್ಟೇಕ್ ಗಣಿ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಕೆಳಗೆ, ಬಟ್ಟೆಯನ್ನು ಡ್ರೈ ಕ್ಲೀನ್ ಮಾಡಲು ಬಳಸುವ ದ್ರಾವಣವನ್ನು 600 ಟನ್‌ಗೂ ಜಾಸ್ತಿ ತುಂಬಿದ ತೊಟ್ಟಿ. ಸೂರ್ಯನಿಂದ ಬಂದ ನ್ಯೂಟ್ರಿನೊ ಅದರೊಳಗಿನ ಒಂದು ಕ್ಲೋರಿನ್ ಪರಮಾಣುವಿಗೆ ತಾಗಿದರೆ ಅದು ಆರ್ಗಾನ್ ಆಗುತ್ತದೆ. ಇಡೀ ತೊಟ್ಟಿಯಲ್ಲಿ ತಿಂಗಳಿಗೆ ಹದಿನೈದರ ಆಸುಪಾಸು ಆರ್ಗಾನ್ ಪರಮಾಣುಗಳು. ಡೇವಿಸ್ ಅವನ್ನು ಹೀಲಿಯಂ ಹಾಯಿಸಿ ಹೊರತೆಗೆದು ಎಣಿಸುತ್ತಿದ್ದರು. 1960ರ ದಶಕದ ಕೊನೆಯಿಂದ 1990ರ ದಶಕದವರೆಗೆ ಅದೇ ಕೆಲಸ. ಲೆಕ್ಕಕ್ಕೆ ಸಿಗಬೇಕಾದ್ದರಲ್ಲಿ ಸಿಗುತ್ತಿದ್ದದ್ದು ಮೂರನೇ ಒಂದು ಭಾಗ ಮಾತ್ರ. ಎಣಿಕೆ ತಪ್ಪಿರಬೇಕು ಅಂದರು ಕೆಲವರು, ಸೂರ್ಯನ ಲೆಕ್ಕವೇ ತಪ್ಪಿರಬೇಕು ಅಂದರು ಇನ್ನು ಕೆಲವರು. ಎಣಿಕೆ, ಲೆಕ್ಕ ಎರಡೂ ಸರಿಯಿತ್ತು. ನ್ಯೂಟ್ರಿನೊಗಳೇ ದಾರಿಯಲ್ಲಿ ಆ ತೊಟ್ಟಿಗೆ ಸಿಗದ ಬೇರೆ ಬಗೆಗೆ ಬದಲಾಗುತ್ತಿದ್ದವು. ನ್ಯೂಟ್ರಿನೊ ಹೀಗೆ ಬದಲಾಗುತ್ತದೆ ಎಂದು 1998ರಲ್ಲಿ ಸೂಪರ್ ಕಾಮಿಯೊಕಾಂಡೆ ತೋರಿಸಿತು. ಅದು ನೋಡಿದ್ದು ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊಗಳನ್ನು, ಕೋಲಾರದಲ್ಲಿ 1965ರಲ್ಲಿ ಕಂಡ ಅಂಥವನ್ನೇ. ಸೂರ್ಯನ ನ್ಯೂಟ್ರಿನೊಗಳ ಒಗಟನ್ನು ಕೆನಡಾದ ಸಡ್ಬರಿಯ ಪ್ರಯೋಗ ಬಿಡಿಸಿತು. ಡೇವಿಸ್ ನೊಬೆಲ್ ಪಡೆದಾಗ ಅವರಿಗೆ 88 ವರ್ಷ.

ವಿಜ್ಞಾನದ ವೇಗ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಈ ಮನುಷ್ಯನ ತಿಂಗಳ ಎಣಿಕೆ. ಪೌಲಿಯ ಊಹೆಯಿಂದ ಈ ಒಗಟು ಬಿಡಿಸುವವರೆಗೆ ಎಪ್ಪತ್ತು ವರ್ಷ. ಬುದ್ಧಿವಂತರು ಕಮ್ಮಿ ಇದ್ದರು ಅಂತ ಅಲ್ಲ. ಅಪರೂಪದ್ದು ಬರುವವರೆಗೆ ಕಾಯಬೇಕಿತ್ತು, ಕಾಯಲು ಜಾಗ ಬೇಕಿತ್ತು. ಎಷ್ಟೇ ಚುರುಕಾದ ಕಂಪ್ಯೂಟರ್ ಬಂದರೂ ಪ್ರೋಟಾನ್ ಬೇಗ ಒಡೆಯುವುದಿಲ್ಲ. ಎಷ್ಟು ಟನ್, ಎಷ್ಟು ವರ್ಷ, ಇವೆರಡನ್ನು ಗುಣಿಸಿದ್ದೇ ನಿಮ್ಮ ಬಂಡವಾಳ.

ಇನ್ನು ನನ್ನ ಹೊಟ್ಟೆಯುರಿಯ ಭಾಗ. ಕೋಲಾರದಲ್ಲಿ ಚಿನ್ನ ಕಮ್ಮಿಯಾಗುತ್ತ ಬಂತು, ತೆಗೆಯುವ ಖರ್ಚು ಏರುತ್ತ ಹೋಯಿತು. ಆಳದ ಲೆವೆಲ್‌ಗಳನ್ನು ಒಂದೊಂದಾಗಿ ಕೈಬಿಟ್ಟರು. ಪ್ರೋಟಾನ್ ಪ್ರಯೋಗ 1990ರ ದಶಕದ ಆರಂಭದಲ್ಲಿ ನಿಂತಿತು. 2001ರಲ್ಲಿ ಗಣಿಯೇ ಮುಚ್ಚಿತು. ಪಂಪುಗಳು ನಿಂತವು, ನೀರು ಏರಿತು. ಮೂರು ಕಿಲೋಮೀಟರಿಗೂ ಆಳದ, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿದ್ದ ಜಾಗ ನೀರು ಪಾಲಾಯಿತು. ಸಾವಿರಾರು ಮನೆಗಳ ಅನ್ನಕ್ಕೇ ಸಂಚಕಾರ ಬಂದ ಹೊತ್ತಿನಲ್ಲಿ ಪ್ರೋಟಾನಿನ ಮಾತು ಆಡುವುದು ಹೇಗೆ ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಆದರೆ ಇವೆರಡೂ ಒಂದರ ವಿರುದ್ಧ ಒಂದು ಇರಬೇಕಾಗಿರಲಿಲ್ಲ. ಗಣಿಯ ಒಂದು ಭಾಗವನ್ನು ಪ್ರಯೋಗಶಾಲೆಯಾಗಿ ಉಳಿಸಿಕೊಂಡಿದ್ದರೆ ಕೇಜು ನಡೆಸುವವರು, ಪಂಪು ನೋಡಿಕೊಳ್ಳುವವರು, ಬಂಡೆಯ ಸದ್ದು ಕೇಳಿಯೇ ಅಪಾಯ ಹೇಳಬಲ್ಲವರು ಎಲ್ಲರೂ ಬೇಕಾಗುತ್ತಿದ್ದರು. ಅಂಥ ಕೆಲವರಾದರೂ ದಿನಾ ಬೆಳಗ್ಗೆ ರೈಲು ಹತ್ತುವುದು ತಪ್ಪುತ್ತಿತ್ತು.

ಇದು ಬರೀ ಆಸೆಯ ಮಾತಲ್ಲ. ಹೋಮ್‌ಸ್ಟೇಕ್ ನೋಡಿ. ಅದೂ ಹೆಚ್ಚು ಕಡಿಮೆ ಅದೇ ಸಮಯಕ್ಕೆ, 2002ರಲ್ಲಿ ಮುಚ್ಚಿತು. ಅಲ್ಲೂ 2003ರಲ್ಲಿ ಪಂಪು ನಿಲ್ಲಿಸಿದರು, ಅಲ್ಲೂ ನೀರು ಏರಿತು. ಅಲ್ಲಿಯವರೆಗೆ ಎರಡೂ ಒಂದೇ ಕತೆ. ಆಮೇಲೆ ಸೌತ್ ಡಕೋಟ ರಾಜ್ಯ ಗಣಿಯನ್ನು ತಾನೇ ವಹಿಸಿಕೊಂಡಿತು. ಒಬ್ಬ ಶ್ರೀಮಂತರು 7 ಕೋಟಿ ಡಾಲರ್ ಕೊಟ್ಟರು. 2008ರಲ್ಲಿ ಮತ್ತೆ ಪಂಪು ಹಾಕಿ ನೀರೆತ್ತಿದರು. ಇವತ್ತು ಅಲ್ಲಿ ಡ್ಯೂನ್ ಎಂಬ ಭಾರಿ ನ್ಯೂಟ್ರಿನೊ ಪ್ರಯೋಗಕ್ಕೆ ಗುಹೆಗಳು ಸಿದ್ಧವಾಗಿವೆ. ಸುಮಾರು 8 ಲಕ್ಷ ಟನ್ ಬಂಡೆ ತೆಗೆದು 2024ರಲ್ಲಿ ಅಗೆತ ಮುಗಿಸಿದರು. ಪ್ರೋಟಾನ್ ಒಡೆಯುವುದನ್ನು ಹುಡುಕುವುದೂ ಅದರ ಕೆಲಸಗಳಲ್ಲಿ ಒಂದು. ಡಕೋಟದವರು ನಮಗಿಂತ ಜಾಣರೇನಲ್ಲ. ಗಣಿಯಲ್ಲಿ ಚಿನ್ನದ ಜೊತೆಗೆ ಇನ್ನೊಂದು ಆಸ್ತಿಯಿದೆ, ಅದು ಆ ಆಳವೇ, ಅಂತ ಅಲ್ಲಿ ಯಾರಿಗೋ ಸಕಾಲಕ್ಕೆ ಹೊಳೆಯಿತು.

ನಾವು ಆಮೇಲೆ ನೆಲದೊಳಗಿನ ನ್ಯೂಟ್ರಿನೊ ಪ್ರಯೋಗಶಾಲೆಗೆ ಹೊಸ ಜಾಗ ಹುಡುಕಿದೆವು. ನೀಲಗಿರಿಯ ಸಿಂಗಾರಕ್ಕೆ 2009ರಲ್ಲಿ ಅನುಮತಿ ಸಿಗಲಿಲ್ಲ, ಪಕ್ಕದಲ್ಲೇ ಮುದುಮಲೈ ಕಾಡು. ಆಮೇಲೆ ತಮಿಳುನಾಡಿನ ತೇಣಿ ಜಿಲ್ಲೆಯ ಬೋಡಿ ಬೆಟ್ಟ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಕಾಡು, ನೀರು, ಊರಿನವರ ಆತಂಕ, ಕೋರ್ಟು ಎಲ್ಲ ಸೇರಿ ಅದು ನಿಂತಲ್ಲೇ ನಿಂತಿದೆ. ಊರಿನವರನ್ನು ನಾನು ದೂರುವುದಿಲ್ಲ. ಹಸಿರು ಬೆಟ್ಟವನ್ನು ಕೊರೆಯುತ್ತೇವೆ ಅಂದರೆ ಯಾರಿಗಾದರೂ ದಿಗಿಲಾಗುತ್ತದೆ, ಅಲ್ವಾ? ಆಗಲೇ ಕೊರೆದಿಟ್ಟಿದ್ದ ಸುರಂಗವನ್ನು ನೀರಿಗೆ ಬಿಟ್ಟು, ಹೊಸದನ್ನು ಕೊರೆಯಲು ಹೋದದ್ದು ನನಗೆ ಇವತ್ತಿಗೂ ಸಂಕಟ. ಬೋಡಿಗೆ ಒಪ್ಪಿಗೆ ಸಿಕ್ಕ 2015ರಲ್ಲೇ ಚೀನಾದವರು ಜುನೋ ಪ್ರಯೋಗದ ನೆಲ ಅಗೆಯಲು ಶುರುಮಾಡಿದ್ದರು. ಯಾವ ನ್ಯೂಟ್ರಿನೊ ಹಗುರ, ಯಾವುದು ಭಾರ ಅನ್ನುವ ಪ್ರಶ್ನೆ ಬೋಡಿಗೂ ಜುನೋಗೂ ಒಂದೇ. ಜುನೋ 2025ರ ಆಗಸ್ಟಿನಲ್ಲಿ ಎಣಿಕೆ ಆರಂಭಿಸಿತು.

ಮನುಷ್ಯ ಕುಲಕ್ಕೆ ಸುಮಾರು ಮೂರು ಲಕ್ಷ ವರ್ಷ. ಪ್ರಯೋಗ ಮಾಡಿ ನೋಡುವ ವಿಜ್ಞಾನಕ್ಕೆ ನಾಲ್ಕು ನೂರು. ಸೂರ್ಯ ನಿಧಾನವಾಗಿ ಕಾವೇರುತ್ತಿದ್ದಾನೆ. ಸುಮಾರು ನೂರು ಕೋಟಿ ವರ್ಷಕ್ಕೆ ಭೂಮಿಯ ಸಮುದ್ರಗಳು ಉಳಿಯಲಾರವು, ಐನೂರು ಕೋಟಿಗೆ ಸೂರ್ಯನೇ ಮುಗಿಯುತ್ತಾನೆ. ಇಷ್ಟು ಕಾಲ ನಮ್ಮ ಮುಂದಿದೆ. ಅದರಲ್ಲಿ ಮೂವತ್ತು ವರ್ಷ ಒಂದು ಪಂಪು ನಡೆಸುವುದು ದೊಡ್ಡ ಮಾತಾಗಬಾರದು. ಆದರೆ ಬಜೆಟ್ಟಿನ ವರ್ಷ ಮಾರ್ಚಿಗೆ ಮುಗಿಯುತ್ತದೆ, ಸರ್ಕಾರಕ್ಕೆ ಐದೇ ವರ್ಷ, ಪಿಎಚ್‌ಡಿ ಹುಡುಗ ಹುಡುಗಿಯರಿಗೂ ಹೆಚ್ಚು ಕಡಿಮೆ ಅಷ್ಟೇ. ದೂರದ ಪ್ರಶ್ನೆಯೊಂದು ಇಷ್ಟು ಗಿಡ್ಡ ಗಡುವುಗಳನ್ನು ದಾಟಿ ಬದುಕಬೇಕಾದರೆ ಅದಕ್ಕೆ ಕಾಯಂ ನೆಲೆ ಬೇಕು. ನನಗೆ ಮನುಷ್ಯರ ಜಾಣತನದ ಬಗ್ಗೆ ಚಿಂತೆಯಿಲ್ಲ. ಜಾಣರು ಕೂತು ಕಾಯುವ ಜಾಗಗಳನ್ನು ನಾವು ಉಳಿಸಿಕೊಳ್ಳುತ್ತೇವಾ ಅನ್ನುವುದೇ ಚಿಂತೆ.

ಜಪಾನಿನವರು ಈಗ ಮೂರನೆಯ ಯಂತ್ರ ಕಟ್ಟುತ್ತಿದ್ದಾರೆ. ಹೈಪರ್ ಕಾಮಿಯೊಕಾಂಡೆ, 2,60,000 ಟನ್ ನೀರು. 1983ರಲ್ಲಿ ಶುರುವಾದ ಮೊದಲನೆಯದು 3,000 ಟನ್. ಕೊಶಿಬ ಅವರ ಶಿಷ್ಯರು, ಆ ಶಿಷ್ಯರ ಶಿಷ್ಯರು, ಅದೇ ಬೆಟ್ಟಗಳ ಸೀಮೆಯಲ್ಲಿ ನಲವತ್ತು ವರ್ಷದಿಂದ ಅದೇ ಪ್ರಶ್ನೆ ಹಿಡಿದು ಕೂತಿದ್ದಾರೆ. ಕೋಲಾರದಲ್ಲೂ ಇದು ಆಗಬಹುದಿತ್ತು. ಶ್ರೀಕಂಠನ್ ಅವರ ಕಾಲದಿಂದ ನಾವು ಅವರಿಗಿಂತ ಮೂವತ್ತು ವರ್ಷ ಮುಂದಿದ್ದೆವು.

ನಮ್ಮಲ್ಲಿ ಈಗ ಇರುವುದೇನು? ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ 550 ಮೀಟರಿನ ಆಸುಪಾಸಿನ ಆಳದಲ್ಲಿ 2017ರಲ್ಲಿ ಒಂದು ಸಣ್ಣ ಪ್ರಯೋಗಶಾಲೆ ತೆರೆದಿದ್ದಾರೆ. ನಡೆಯುತ್ತಿರುವ ಗಣಿಯೊಳಗೇ ಮಾಡಿದ್ದು, ಆದ್ದರಿಂದ ಅದು ಸರಿಯಾದ ದಾರಿ. ಇನ್ನೊಂದು ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ. ಅಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಿದ್ದಾರೆ, ಶಾಫ್ಟು ನೂರಾರು ಮೀಟರ್ ಇಳಿದಿದೆ, ಪಂಪುಗಳು ಓಡುತ್ತಿವೆ. ಕೋಲಾರದಷ್ಟು ಆಳ ಅಲ್ಲ ನಿಜ. ಆದರೆ ಗಣಿ ರಾಜ್ಯ ಸರ್ಕಾರದ್ದು. ಖಾಲಿಯಾದ ಒಂದು ಲೆವೆಲ್ಲನ್ನು ವಿಜ್ಞಾನಕ್ಕೆ ಬಿಟ್ಟುಕೊಡಲು, ಅದರ ಪಂಪು ಮತ್ತು ಗಾಳಿಯ ಖರ್ಚನ್ನು ಚಿನ್ನದ ಲೆಕ್ಕದಿಂದ ಬೇರೆ ಮಾಡಿ ಬರೆದಿಡಲು ವಿಧಾನಸೌಧದಲ್ಲೇ ತೀರ್ಮಾನ ಮಾಡಬಹುದು. ಆ ತೀರ್ಮಾನ ಗಣಿ ನಡೆಯುತ್ತಿರುವಾಗ ಆಗಬೇಕು. ಮುಚ್ಚುವ ನೋಟಿಸ್ ಬಂದ ಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ.